ಜೇಬಿಗೆ ದೊಡ್ಡದು, ಅಂಗೈಗೆ ಹದ

ಅರ್ಧ ಲೀಟರಿನ ಹಾಲಿನ ಪೊಟ್ಟಣವೊಂದನ್ನು ಎರಡೂ ಕೈಗಳಿಂದ ಎದೆಯ ಮಟ್ಟದಲ್ಲಿ ಹಿಡಿದು ನಿಲ್ಲಿ. ಮೊದಲ ನಿಮಿಷ ಏನೂ ಅನ್ನಿಸುವುದಿಲ್ಲ. ಐದನೆಯ ನಿಮಿಷಕ್ಕೆ ಮೊಣಕೈಗಳು ತಾವಾಗಿ ಪಕ್ಕೆಗೆ ಒರಗುತ್ತವೆ. ಹತ್ತನೆಯ ನಿಮಿಷಕ್ಕೆ ಕೂರಲು ಜಾಗ ಹುಡುಕುತ್ತೀರಿ. 2022ರ ಫೆಬ್ರವರಿಯಲ್ಲಿ ಅಮೆರಿಕದ ವಾಲ್ವ್ ಕಂಪನಿ ಹೊರತಂದ ಸ್ಟೀಮ್ ಡೆಕ್ ಎಂಬ ಗೇಮಿಂಗ್ ಕಂಪ್ಯೂಟರಿನ ತೂಕ 669 ಗ್ರಾಂ. ಹಾಲಿನ ಪೊಟ್ಟಣಕ್ಕಿಂತ ಸುಮಾರು ಒಂದೂವರೆ ನೂರು ಗ್ರಾಂ ಹೆಚ್ಚು. ಅದನ್ನು ಜನ ಎರಡು ಮೂರು ಗಂಟೆ ಬಿಡದೆ ಹಿಡಿದಿರುತ್ತಾರೆ. ಸುಮ್ಮನೆ ಹಿಡಿದರೂ ಸಾಲದು, ಹಿಡಿದ ಬೆರಳುಗಳಿಂದಲೇ ಓಡಬೇಕು, ನೆಗೆಯಬೇಕು, ಗುರಿಯಿಡಬೇಕು.

ಇಂಥದ್ದನ್ನು ಜನ ಮುಟ್ಟಲೇಬಾರದಿತ್ತು. ಆದರೆ ಹಗುರವಾದ ಎಷ್ಟೋ ಯಂತ್ರಗಳಿಗಿಂತ ಇದನ್ನು ಹಿಡಿಯುವುದೇ ಆರಾಮ ಎಂದವರು ಹೆಚ್ಚು. ಈ ಒಗಟನ್ನು ಬಿಡಿಸಲು ನಲವತ್ತು ವರ್ಷ ಹಿಂದಕ್ಕೆ, ಎಲ್ಲವನ್ನೂ ಜೇಬು ತೀರ್ಮಾನಿಸುತ್ತಿದ್ದ ಕಾಲಕ್ಕೆ ಹೋಗಬೇಕು.

ಜಪಾನಿನ ನಿಂಟೆಂಡೊ ಕಂಪನಿಯ ಗುನ್‌ಪೈ ಯೊಕೊಯಿ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ನೌಕರನೊಬ್ಬ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕೂತಿದ್ದನ್ನು ಕಂಡರಂತೆ. ಅಲ್ಲಿಂದ ಹುಟ್ಟಿದ್ದು 1980ರ ಗೇಮ್ ಆ್ಯಂಡ್ ವಾಚ್. ಅದು ಕ್ಯಾಲ್ಕ್ಯುಲೇಟರಿನಷ್ಟೇ ತೆಳು, ಷರಟಿನ ಜೇಬಿಗೆ ಇಳಿಯುವಷ್ಟು ಚಿಕ್ಕದು. 1982ರಲ್ಲಿ ಅದರದೇ ಒಂದು ಮಾದರಿಯನ್ನು ಡಬ್ಬಿಯಂತೆ ಮಡಿಚುವ ಹಾಗೆ ಮಾಡಿದಾಗ ತೊಡಕೊಂದು ಎದುರಾಯಿತು. ಆಟಕ್ಕೆ ನಾಲ್ಕು ದಿಕ್ಕು ಬೇಕು. ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಎದ್ದು ನಿಂತ ಕೋಲು, ಅದನ್ನಿಟ್ಟರೆ ಮುಚ್ಚಳ ಮುಚ್ಚುವುದಿಲ್ಲ. ಯೊಕೊಯಿ ಕೋಲನ್ನು ಕಿತ್ತು ಕೂಡಿಸುವ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯೊಂದನ್ನು ಕೂರಿಸಿದರು. ಇಂದಿಗೂ ಹೆಚ್ಚಿನ ಗೇಮ್ ಕಂಟ್ರೋಲರುಗಳ ಎಡಭಾಗದಲ್ಲಿ ಕಾಣುವ ಡಿ-ಪ್ಯಾಡ್ ಎಂದರೆ ಅದೇ. ಹೆಬ್ಬೆರಳಿನ ಸುಖಕ್ಕೆಂದು ಹುಟ್ಟಿದ ಗುಂಡಿ ಅದಲ್ಲ. ಮುಚ್ಚಳಕ್ಕಾಗಿ ಹುಟ್ಟಿತು, ಹೆಬ್ಬೆರಳಿಗೂ ಒಗ್ಗಿತು.

1989ರ ಗೇಮ್ ಬಾಯ್ ಕೂಡ ಯೊಕೊಯಿ ತಂಡದ್ದೇ. ಬಣ್ಣವಿಲ್ಲದ, ಹಿಂದಿನಿಂದ ಬೆಳಕಿಲ್ಲದ ಪರದೆ. ನಾಲ್ಕು ಪೆನ್ಸಿಲ್ ಸೆಲ್ಲುಗಳು. ಸೆಲ್ ಹಾಕದೆ ತೂಗಿದರೆ 220 ಗ್ರಾಂ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಎಡಗೈಯವರು ಇಡೀ ಯಂತ್ರವನ್ನು ತಲೆಕೆಳಗು ಮಾಡಿಕೊಂಡು ಆಡುವ ಅನುಕೂಲವೂ ಇತ್ತು. ಇಷ್ಟು ಕಾಳಜಿಯ ಯೋಚನೆಯನ್ನು ಆಮೇಲಿನ ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಮರೆತೇಬಿಟ್ಟವು. ಆದರೆ ಲಿಂಕ್ಸ್ ಆರು ಸೆಲ್ಲುಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗಿ ಹಾಕುತ್ತಿತ್ತು. ಮೇಲಾಗಿ ಅದು ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಆಮೇಲೆ ವಿನ್ಯಾಸಕರೇ ಹೇಳಿಕೊಂಡಂತೆ, ಕೊಟ್ಟ ದುಡ್ಡಿಗೆ ದೊಡ್ಡ ವಸ್ತು ಬೇಕೆಂದು ಗಿರಾಕಿಗಳು ಬಯಸಿದ್ದರಿಂದ ಹೊರಕವಚವನ್ನು ಹಿಗ್ಗಿಸಲಾಗಿತ್ತು. ಒಳಗೆ ಖಾಲಿ, ಹೊರಗೆ ಗಾತ್ರ. ಮುಂದಿನ ವರ್ಷ ಬಂದ ಸೆಗಾದ ಗೇಮ್ ಗಿಯರ್ ಕೂಡ ಆರು ಸೆಲ್ಲಿನ ಅದೇ ಹಾದಿ ಹಿಡಿಯಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಕೈಗೆ ಯಾವುದು ಹಿತ ಎಂಬ ಪ್ರಶ್ನೆ ಆ ಪೈಪೋಟಿಯಲ್ಲಿ ಏಳಲೇ ಇಲ್ಲ. ಜೇಬೂ ಸೆಲ್ಲಿನ ಖರ್ಚೂ ಸೇರಿ ತೀರ್ಪು ಕೊಟ್ಟವು.

ನಮ್ಮ ಕಡೆ ಆಗ ಗೇಮ್ ಬಾಯ್ ಕಂಡವರು ಕಡಿಮೆ. ತೊಂಬತ್ತರ ದಶಕದ ಜಾತ್ರೆಗಳ ಅಂಗಡಿಸಾಲಿನಲ್ಲಿ ತೂಗುತ್ತಿದ್ದದ್ದು ‘9999 ಆಟಗಳು’ ಎಂದು ಮೈಮೇಲೆ ಬರೆಸಿಕೊಂಡ ಬ್ರಿಕ್ ಗೇಮ್. ಆಟಗಳು ಕೈಬೆರಳಲ್ಲಿ ಎಣಿಸುವಷ್ಟೇ ಇರುತ್ತಿದ್ದವು, ಮಿಕ್ಕವು ಅವೇ ಆಟಗಳ ವೇಗದ ವೇಷಗಳು. ಇಟ್ಟಿಗೆ ತಿರುಗಿಸುವ ದೊಡ್ಡ ಗುಂಡಿಯನ್ನು ಒತ್ತಿ ಒತ್ತಿ ಹೆಬ್ಬೆರಳಿನ ತುದಿಯಲ್ಲಿ ದುಂಡನೆಯ ಗುರುತು ಮೂಡುತ್ತಿತ್ತು. ಹೆಬ್ಬೆರಳಿನ ಈ ಪಾಡು ಹೊಸದಲ್ಲ. ಗಂಟೆಗಟ್ಟಲೆ ಗುಂಡಿ ಒತ್ತಿ ಹೆಬ್ಬೆರಳಿನ ಸ್ನಾಯುರಜ್ಜು ನೋಯಿಸಿಕೊಂಡ ಮಹಿಳೆಯೊಬ್ಬರ ಪ್ರಕರಣ 1990ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ‘ನಿಂಟೆಂಡಿನೈಟಿಸ್’ ಎಂಬ ಹೆಸರಿನಲ್ಲಿ ದಾಖಲಾಗಿತ್ತು.

ಹೊಸ ಶತಮಾನದಲ್ಲಿ ಆಟಗಳು ಮೂರು ಆಯಾಮಕ್ಕೆ ಬೆಳೆದವು, ಜೇಬು ಬೆಳೆಯಲಿಲ್ಲ. 2003ರಲ್ಲಿ ಬಂದ ಮಡಚುವ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ನೋಡಲು ಪುಟ್ಟ ಡಬ್ಬಿಯಷ್ಟು ಚೆಂದ. ದೊಡ್ಡವರ ಕೈಗೆ ಅದೇ ಶಿಕ್ಷೆ: ಬೆರಳುಗಳು ಒಂದರ ಮೇಲೊಂದು ಮಡಿಸಿ ಕೂತು ಅರ್ಧ ಗಂಟೆಗೆ ಸೆಟೆದುಕೊಳ್ಳುತ್ತಿದ್ದವು. 2004ರ ಕೊನೆಗೆ ಸೋನಿಯ ಪಿಎಸ್‌ಪಿ ಬಂತು. ಅದರಲ್ಲಿ ಅನಲಾಗ್ ಸ್ಟಿಕ್ಕಿನ, ಅಂದರೆ ಎಲ್ಲ ದಿಕ್ಕಿಗೂ ಬಾಗುವ ಪುಟ್ಟ ಕೋಲಿನ ಬದಲು ಜಾರುವ ಬಿಲ್ಲೆಯೊಂದನ್ನು ಡಿ-ಪ್ಯಾಡಿನ ಕೆಳಗೆ ತುರುಕಿದ್ದರು. ಇದ್ದದ್ದು ಒಂದೇ ಬಿಲ್ಲೆ. ಕೆಲವು ಆಟಗಳಲ್ಲಿ ಮನುಷ್ಯನನ್ನು ಓಡಿಸುವುದು ಅದರಿಂದ, ಸುತ್ತಲಿನ ನೋಟ ತಿರುಗಿಸುವುದು ಡಿ-ಪ್ಯಾಡಿನಿಂದ. ಎರಡೂ ಎಡ ಹೆಬ್ಬೆರಳಿನ ಪಾಲಿಗೆ ಬಂದವು. ಮಾನ್‌ಸ್ಟರ್ ಹಂಟರ್ ಎಂಬ ಆಟ ಆಡುವವರು ಇದಕ್ಕೊಂದು ವಕ್ರ ಉಪಾಯ ಕಂಡುಕೊಂಡರು. ಹೆಬ್ಬೆರಳು ಬಿಲ್ಲೆಯ ಮೇಲೆ, ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ಡಿ-ಪ್ಯಾಡಿನ ಮೇಲೆ. ಹದ್ದಿನ ಉಗುರಿನಂತೆ ಕಾಣುವ ಈ ಹಿಡಿತಕ್ಕೆ ‘ಕ್ಲಾ’ ಎಂದೇ ಹೆಸರಾಯಿತು. ನೀವೂ ಒಮ್ಮೆ ಮೊಬೈಲ್ ಹಿಡಿದು ಪ್ರಯತ್ನಿಸಿ, ಮುಂಗೈಯ ನರ ಎಲ್ಲೆಲ್ಲಿ ಎಳೆಯುತ್ತದೆ ಎಂದು ತಿಳಿಯುತ್ತದೆ. ಜನ ಅದೇ ಭಂಗಿಯಲ್ಲಿ ನೂರಾರು ಗಂಟೆ ಆಡಿದರು. ಮುಂದೆ ನಿಂಟೆಂಡೊ ತನ್ನ 3ಡಿಎಸ್ ಎಂಬ ಕೈಯಂತ್ರದಲ್ಲಿ ಇದೇ ಕೊರತೆಯನ್ನು ಮುಚ್ಚಲು 2011ರಲ್ಲಿ ಎರಡನೆಯ ಬಿಲ್ಲೆಯಿರುವ ಪ್ಲಾಸ್ಟಿಕ್ ತೊಟ್ಟಿಲೊಂದನ್ನು ಬೇರೆಯಾಗಿ ಮಾರಿತು. ಅದರೊಳಗೆ ಯಂತ್ರವನ್ನು ಕೂರಿಸಿಕೊಂಡರೆ ಕೈಗೆ ಹಿತ, ಜೇಬಿಗೆ ಮಾತ್ರ ವಿದಾಯ. ಆ ತೊಟ್ಟಿಲನ್ನು ನೋಡಿ ಅಂದು ನಕ್ಕವರಲ್ಲಿ ನಾನೂ ಒಬ್ಬ. ಮುಂದೆ ಬರಲಿದ್ದ ಆಕಾರದ ಸುಳಿವು ಅದರಲ್ಲೇ ಇತ್ತು.

ಇಷ್ಟೂ ಹೊತ್ತು ಹೇಳಿದ್ದು ಆಟಕ್ಕೆಂದೇ ಮಾಡಿದ ಯಂತ್ರಗಳ ಕಥೆ. ಪೂರ್ಣ ಕಂಪ್ಯೂಟರನ್ನೇ ಕೈಗಿಳಿಸುವ ಹಂಬಲ ಬೇರೆ ದಾರಿಯಲ್ಲಿ ನಡೆದಿತ್ತು. ವಿಂಡೋಸ್‌ನಂಥದ್ದೇ ಆದ ಲಿನಕ್ಸ್ ತಂತ್ರಾಂಶದ ಮೇಲೆ ಓಡುವ ಪಂಡೋರಾ ಎಂಬ ಯಂತ್ರವನ್ನು ಹವ್ಯಾಸಿಗಳೇ ಸೇರಿ ರೂಪಿಸಿದರು. 2008ರಲ್ಲಿ ಮುಂಗಡ ಹಣ ಕೊಟ್ಟವರ ಕೈಗೆ ಅದು ಸೇರತೊಡಗಿದ್ದು 2010ರಲ್ಲಿ. 2016ರಲ್ಲಿ ಚೀನಾದ ಜಿಪಿಡಿ ಕಂಪನಿ ವಿಂಡೋಸ್ ಓಡಿಸುವ ಜಿಪಿಡಿ ವಿನ್ ತಂದಿತು. ಐದೂವರೆ ಇಂಚಿನ ಪರದೆ, ಮಡಚುವ ಮೈ, ಸುಮಾರು 300 ಗ್ರಾಂ. ಎರಡರಲ್ಲೂ ಪೂರ್ಣ ಕೀಲಿಮಣೆ ಇತ್ತು, ಎರಡಕ್ಕೂ ತೊಡಕಾದದ್ದೂ ಅದೇ. ಕಂಪ್ಯೂಟರ್ ಎಂದ ಮೇಲೆ ಕೀಲಿಮಣೆ ಇರಲೇಬೇಕೆಂದು ನಂಬಿದ್ದರಿಂದ ಅಂಗೈ ಕೂರಬೇಕಾದ ಜಾಗವನ್ನೆಲ್ಲ ಅಕ್ಷರಗಳು ಹಿಡಿದುಕೊಂಡವು. ಜಿಪಿಡಿ ವಿನ್‌ನಲ್ಲಿ ಸ್ಟಿಕ್ಕುಗಳು ಕೀಲಿಮಣೆಗಿಂತ ಮೇಲೆ, ಪರದೆಯ ಕೀಲಿನ ಬಳಿಗೆ ಸರಿದವು. ಅಷ್ಟು ಮೇಲಕ್ಕೆ ಹೆಬ್ಬೆರಳು ಚಾಚಿದರೆ ಯಂತ್ರದ ಭಾರವೆಲ್ಲ ಕಿರುಬೆರಳ ಮೇಲೆ.

ಕೈಯ ಒಳಲೆಕ್ಕ ಇಲ್ಲಿ ಗೊತ್ತಿರಬೇಕು. ಆಡುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ಕೆಲಸವಿದೆ. ಹಾಗಾಗಿ ಹೊರುವ ಪಾಳಿ ನಡುಬೆರಳು, ಉಂಗುರಬೆರಳು, ಕಿರುಬೆರಳು ಮತ್ತು ಅಂಗೈಯ ದಿಂಡಿನದು. ಯಂತ್ರದ ಬೆನ್ನು ಚಪ್ಪಟೆಯಾಗಿದ್ದರೆ ಈ ಮೂರು ಬೆರಳಿಗೆ ಸುತ್ತಿ ಹಿಡಿಯಲು ಏನೂ ಸಿಗುವುದಿಲ್ಲ. ಆಗ ಆಡಬೇಕಾದ ಹೆಬ್ಬೆರಳೇ ಒತ್ತಿ ಹಿಡಿಯುವ ಕೆಲಸಕ್ಕೂ ಇಳಿಯುತ್ತದೆ, ನೋವು ಅಲ್ಲಿಂದಲೇ ಶುರು. 2017ರ ನಿಂಟೆಂಡೊ ಸ್ವಿಚ್ ಕಂಟ್ರೋಲರ್ ಸಮೇತ 398 ಗ್ರಾಂ ಅಷ್ಟೇ ಇದ್ದರೂ ಬೆನ್ನು ಹಲಗೆಯಂತಿತ್ತು. ಅದಕ್ಕೆ ಅಂಟಿಸುವ ಹಿಡಿಗಳನ್ನು ಮಾರುವುದೇ ಬೇರೆಯವರಿಗೆ ಒಂದು ವ್ಯಾಪಾರವಾಯಿತು. ಹಗುರವಾದದ್ದೆಲ್ಲ ಆರಾಮವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ಲೆಕ್ಕವನ್ನು ವಾಲ್ವ್ ತಿರುಗಿಸಿ ಬರೆಯಿತು. ಸ್ಟೀಮ್ ಡೆಕ್ 298 ಮಿಲಿಮೀಟರ್ ಉದ್ದ, ಹಿಡಿಯ ಬಳಿ 49 ಮಿಲಿಮೀಟರ್ ದಪ್ಪ. ಜೇಬಿನ ಮಾತನ್ನೇ ಎತ್ತುವಂತಿಲ್ಲ. ಚಿತ್ರಗಳು ಮೊದಲು ಹೊರಬಂದಾಗ ನೋಡಿದವರಿಗೆ ಅದು ವಿಕಾರವಾಗಿಯೇ ಕಂಡಿತು: ಸ್ಟಿಕ್ಕು, ಡಿ-ಪ್ಯಾಡು, ಗುಂಡಿಗಳು ಎಲ್ಲವೂ ಮೇಲ್ಸಾಲಿನಲ್ಲಿ ಇಕ್ಕಟ್ಟಾಗಿ ನಿಂತಿವೆ, ಬಲಗಡೆಯ ಗುಂಡಿಗಳು ಅಂಚಿನಿಂದ ಬೀಳುವಂತಿವೆ. ಕೆಳಗೆ ಬೆರಳು ಜಾರಿಸುವ ಎರಡು ಚೌಕ ಟ್ರ್ಯಾಕ್‌ಪ್ಯಾಡುಗಳು. ಕಂಪ್ಯೂಟರ್ ಆಟಗಳಲ್ಲಿ ಎಷ್ಟೋ ಮೌಸ್‌ಗೆಂದೇ ಬರೆದವು. ಕೈಯಲ್ಲಿ ಹಿಡಿದು ಆಡುವಾಗ ಮೌಸ್‌ಗೆ ಮೇಜೆಲ್ಲಿದೆ? ಅದಕ್ಕೆ ಬದಲಿಯಾಗಿ ಆ ಪ್ಯಾಡುಗಳು ಬೇಕು. ಅವಕ್ಕೆ ಜಾಗ ಬಿಟ್ಟಿದ್ದರಿಂದಲೇ ಸ್ಟಿಕ್ಕುಗಳು ಮೇಲೇರಿದ್ದು. ಹಿಡಿದರೆ ಮಾತ್ರ ಬೇರೆಯೇ ಅನುಭವ. ಬೆನ್ನಿನ ಉಬ್ಬಿಗೆ ಮೂರು ಬೆರಳು ತಾವಾಗಿ ಸುತ್ತಿಕೊಳ್ಳುತ್ತವೆ. ಅದೇ ಬೆರಳುಗಳ ತುದಿಗೆ ಹಿಂಬದಿಯ ನಾಲ್ಕು ಗುಂಡಿಗಳು ಸಿಗುತ್ತವೆ. ಹೊರುವ ಕೆಲಸದಿಂದ ಬಿಡುಗಡೆಯಾದ ಹೆಬ್ಬೆರಳು ಸ್ಟಿಕ್ಕಿನಿಂದ ಗುಂಡಿಗೆ ಸಲೀಸಾಗಿ ಓಡಾಡುತ್ತದೆ.

ಅಂಗೈ ಗೆದ್ದ ಮಾತ್ರಕ್ಕೆ ಜಗಳ ಮುಗಿಯಲಿಲ್ಲ. ಒಳಗಿನ ಚಿಪ್ ಹದಿನೈದು ವ್ಯಾಟ್‌ವರೆಗೆ ವಿದ್ಯುತ್ ಕುಡಿಯುತ್ತದೆ, ಆ ಶಾಖವೆಲ್ಲ ಫ್ಯಾನಿನಿಂದ ಹೊರಗೆ ಹೋಗಬೇಕು, ಅದೂ ಬೆರಳಿಗೆ ತಾಗದಂತೆ. ಆದ್ದರಿಂದ ಗಾಳಿ ಒಳಬರುವುದು ಬೆನ್ನಿನಿಂದ, ಬಿಸಿಗಾಳಿ ಹೋಗುವುದು ನೆತ್ತಿಯಿಂದ. 2023ರ ಜೂನ್‌ನಲ್ಲಿ ಬಂದ ಆಸುಸ್ ಕಂಪನಿಯ ಆರ್‌ಒಜಿ ಆಲೈನಲ್ಲಿ ಮೆಮೊರಿ ಕಾರ್ಡಿನ ಕಿಂಡಿ ಈ ಬಿಸಿಗಾಳಿಯ ಹಾದಿಯ ಪಕ್ಕದಲ್ಲೇ ಇತ್ತು. ಶಾಖಕ್ಕೆ ಕಾರ್ಡ್ ರೀಡರ್ ಕೈಕೊಡಬಹುದೆಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ಭಾರತಕ್ಕೆ ಸ್ಟೀಮ್ ಡೆಕ್ ಅಧಿಕೃತವಾಗಿ ಬರಲಿಲ್ಲ, ಆಲೈ ಮಾತ್ರ ಅದೇ ಜುಲೈನಲ್ಲಿ 69,990 ರೂಪಾಯಿಗೆ ಬಂತು. ಬೆಂಗಳೂರಿನಲ್ಲಿ ಡೆಕ್ ಇಟ್ಟುಕೊಂಡವರನ್ನು ವಿಚಾರಿಸಿ ನೋಡಿ, ಅಮೆರಿಕದಿಂದ ರಜೆಗೆ ಬಂದ ಅಣ್ಣನೋ ಭಾವನೋ ಸೂಟ್‌ಕೇಸಿನಲ್ಲಿ ತಂದ ಕಥೆ ಹೊರಬೀಳುತ್ತದೆ.

ಆಲೈನ ಮೊದಲ ಮಾದರಿ 608 ಗ್ರಾಂ. ಮರುವರ್ಷ ಬಂದ ಆಲೈ ಎಕ್ಸ್ 678 ಗ್ರಾಂ. ಎಪ್ಪತ್ತು ಗ್ರಾಂ ಹೆಚ್ಚಾಗಿದ್ದಕ್ಕೆ ಬ್ಯಾಟರಿ 40ರಿಂದ 80 ವ್ಯಾಟ್-ಅವರ್‌ಗೆ, ಅಂದರೆ ಇಮ್ಮಡಿಗೆ ಏರಿತ್ತು. ಹಿಡಿಯೂ ದುಂಡಗಾಗಿತ್ತು. ತೂಕ ಹೆಚ್ಚಿತೆಂದು ಗೊಣಗಿದವರು ವಿರಳ. ಲೆನೊವೊದ ಲೀಜನ್ ಗೋ 8.8 ಇಂಚಿನ ಪರದೆಯೊಂದಿಗೆ 854 ಗ್ರಾಂವರೆಗೆ ಹೋಯಿತು. ನನ್ನ ಮಟ್ಟಿಗೆ ಅದು ಕೈಯಲ್ಲಿ ಹಿಡಿಯುವ ವಸ್ತುವೇ ಅಲ್ಲ. ಆದರೂ ಒಂದು ವಿಷಯದಲ್ಲಿ ಅದು ಉಳಿದವಕ್ಕಿಂತ ಜಾಣ, ಏಕೆಂದರೆ ಅದರ ಕಂಟ್ರೋಲರುಗಳನ್ನು ಬಿಚ್ಚಬಹುದು.

ಬಿಚ್ಚುವುದರಲ್ಲಿ ಏನು ಜಾಣತನ? ಈ ಬಗೆಯ ಎಲ್ಲ ಯಂತ್ರಗಳಿಗೂ ಹುಟ್ಟಿನಿಂದಲೇ ಅಂಟಿದ ದೋಷವೊಂದಿದೆ. ಕಣ್ಣು ನೋಡುವ ಪರದೆಯೂ ಕೈ ಹಿಡಿಯುವ ಗುಂಡಿಯೂ ಒಂದೇ ಹಲಗೆಯ ಮೇಲಿವೆ. ಕೈಗೆ ಹಿತವಾದ ಜಾಗ ತೊಡೆಯ ಹತ್ತಿರ, ಅಲ್ಲಿಟ್ಟರೆ ಕತ್ತು ಬಾಗುತ್ತದೆ. ಕತ್ತಿಗೆ ಹಿತವಾದ ಜಾಗ ಮುಖದ ಎದುರು, ಅಲ್ಲಿಗೆ ಎತ್ತಿದರೆ ಭುಜ ಸೋಲುತ್ತದೆ. ಹಿಡಿಯನ್ನು ಎಷ್ಟು ಚೆನ್ನಾಗಿ ಕಡೆದರೂ ಈ ಜಗಳ ಬಗೆಹರಿಯುವುದಿಲ್ಲ. ಬಿಚ್ಚುವ ಕಂಟ್ರೋಲರಿದ್ದರೆ ಪರದೆಯನ್ನು ಅದರ ಹಿಂಗಾಲಿನ ಮೇಲೆ ಮೇಜಿನಲ್ಲಿ ನಿಲ್ಲಿಸಿ, ಕೈಗಳನ್ನು ತೊಡೆಯ ಮೇಲೆ ಚೆಲ್ಲಿ ಕೂರಬಹುದು. ಸ್ವಿಚ್ ಈ ದಾರಿ ತೋರಿಸಿತ್ತು. ಲೀಜನ್ ಗೋ ಒಂದು ಹೆಜ್ಜೆ ಮುಂದೆ ಹೋಗಿ, ಬಲ ಕಂಟ್ರೋಲರನ್ನು ಬಿಲ್ಲೆಯೊಂದರ ಮೇಲೆ ನೆಟ್ಟಗೆ ನಿಲ್ಲಿಸಿ ಮೌಸ್‌ನಂತೆ ಉಜ್ಜಲು ಬಿಟ್ಟಿತು. ಬಿಚ್ಚುವ ಜೋಡಣೆಗೂ ಬೆಲೆಯಿದೆ: ಕೊಕ್ಕೆ, ಹಳಿ, ಎರಡು ಬೇರೆ ಬ್ಯಾಟರಿಗಳು ತೂಕವನ್ನು ಏರಿಸುತ್ತವೆ, ಹಿಡಿದಾಗ ಸಂದಿಯಲ್ಲಿ ಸಣ್ಣ ಅಲುಗಾಟವೂ ಉಳಿಯುತ್ತದೆ.

2025ರ ಅಕ್ಟೋಬರಿನಲ್ಲಿ ಮೈಕ್ರೊಸಾಫ್ಟ್ ಜೊತೆ ಸೇರಿ ಆಸುಸ್ ತಂದ ಎಕ್ಸ್‌ಬಾಕ್ಸ್ ಆಲೈಗಳು ಇನ್ನೊಂದು ದಾರಿ ಹಿಡಿದವು. ಮೈಕ್ರೊಸಾಫ್ಟ್‌ನ ಆಟದ ಯಂತ್ರವಾದ ಎಕ್ಸ್‌ಬಾಕ್ಸ್‌ನ ಕಂಟ್ರೋಲರೊಂದನ್ನು ಗರಗಸದಲ್ಲಿ ಎರಡು ಹೋಳು ಮಾಡಿ ನಡುವೆ ಪರದೆ ಕೂರಿಸಿದಂತಿದೆ ಅವುಗಳ ರೂಪ. ಆ ಹಿಡಿಯ ಆಕಾರಕ್ಕೂ ಒಂದು ಪೂರ್ವಕಥೆಯಿದೆ. 2001ರ ಮೊದಲ ಎಕ್ಸ್‌ಬಾಕ್ಸ್ ಕಂಟ್ರೋಲರ್ ಎಷ್ಟು ದೊಡ್ಡದಿತ್ತೆಂದರೆ ಅದಕ್ಕೆ ‘ಡ್ಯೂಕ್’ ಎಂಬ ಅಡ್ಡಹೆಸರು ಬಿತ್ತು. ಜಪಾನಿನ ಗಿರಾಕಿಗಳಿಗಾಗಿ ಚಿಕ್ಕದೊಂದನ್ನು ಮಾಡಿದರು, ಕೊನೆಗೆ ಎಲ್ಲ ಕಡೆ ಆ ಚಿಕ್ಕದೇ ನಿಂತಿತು. ಎರಡು ದಶಕಕ್ಕೂ ಹೆಚ್ಚು ಕಾಲ ಸವೆದು ಹದಗೊಂಡ ಹಿಡಿ ಅದು. ದುಬಾರಿ ಮಾದರಿ 715 ಗ್ರಾಂ ತೂಗುತ್ತದೆ.

ಕಳೆದ ತಿಂಗಳು ಬೆಳಗಾವಿಯ ರಾತ್ರಿ ರೈಲಿನಲ್ಲಿ ನನ್ನ ಸೋದರಳಿಯ ಇಂಥದ್ದೊಂದನ್ನು ತೆಗೆದ. ಅಂಗಾತ ಮಲಗಿ ಮುಖದ ಮೇಲೆತ್ತಿ ಹಿಡಿದು ಆಡುವುದು ಅವನ ಅಭ್ಯಾಸ. ತುಮಕೂರು ದಾಟುವಷ್ಟರಲ್ಲಿ ಅದು ಒಮ್ಮೆ ಜಾರಿ ಮೂಗಿನ ಮೇಲೆ ಬಿತ್ತು. ಎದ್ದು ಕೂತ. ರೈಲ್ವೆಯವರು ಕೊಟ್ಟ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟ, ಅದರ ಮೇಲೆ ದಿಂಬು, ದಿಂಬಿನ ಮೇಲೆ ಎರಡೂ ಮುಂಗೈ. ಪರದೆ ಎದೆಯ ಮಟ್ಟಕ್ಕೆ ಬಂತು, ಭುಜ ಸಡಿಲವಾಯಿತು. ಫ್ಯಾನ್ ಸುಯ್ಯೆಂದಿತು. ಎದುರಿನ ಬರ್ತಿನ ಅಜ್ಜಿ ಬಹಳ ಹೊತ್ತಿನಿಂದ ಇದನ್ನೆಲ್ಲ ನೋಡುತ್ತಿದ್ದವರು, ಕೊನೆಗೆ ಕೈ ಚಾಚಿ ಯಂತ್ರದ ನೆತ್ತಿಯ ಮೇಲೆ ಅಂಗೈ ಹಿಡಿದು ನೋಡಿ ಕೇಳಿದರು: ‘ಬಿಸಿಗಾಳಿ ಬರುತ್ತಿದೆಯಲ್ಲ ಮರಿ, ಸ್ವಲ್ಪ ಈ ಕಡೆ ತಿರುಗಿಸಿ ಇಡುತ್ತೀಯಾ?’