ವಿಕಟಕವಿಯನ್ನು ಒಪ್ಪದ ಪ್ರೋಗ್ರಾಂ

ಪ್ರೋಗ್ರಾಮಿಂಗ್ ಕಲಿಯಲು ಬಂದವರಿಗೆ ಎರಡನೆಯ ವಾರದಲ್ಲಿ ನಾನು ತಪ್ಪದೆ ಕೊಡುವ ಅಭ್ಯಾಸ ಒಂದಿದೆ. ಕೊಟ್ಟ ಪದವನ್ನು ಹಿಂದಿನಿಂದ ಓದಿದರೂ ಅದೇ ಪದ ಬರುತ್ತದೆಯೇ ಎಂದು ಪ್ರೋಗ್ರಾಂ ಹೇಳಬೇಕು. ನಮ್ಮ ಚಿತ್ರಕವಿಗಳು ಇದನ್ನು ಗತಪ್ರತ್ಯಾಗತ ಎಂದರು, ಕಂಪ್ಯೂಟರ್ ಪುಸ್ತಕಗಳು ಪ್ಯಾಲಿಂಡ್ರೋಮ್ ಎನ್ನುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಒಂದೇ ಸಾಲಿನ ಕೆಲಸ. ಪದದ ಕೊನೆಗೆ [::-1] ಎಂದು ಬರೆದರೆ ಪದ ತಿರುಗುತ್ತದೆ, ಅದನ್ನು ಮೂಲ ಪದದೊಂದಿಗೆ ಹೋಲಿಸಿದರೆ ಮುಗಿಯಿತು.

ಕಳೆದ ತಂಡದಲ್ಲಿ ಒಬ್ಬ ಹುಡುಗ ನಾಲ್ಕು ನಿಮಿಷಕ್ಕೆ ಕೈ ಎತ್ತಿದ. ‘ಮುಗಿಯಿತು ಮೇಡಂ, ಮುಂದಿನದು ಕೊಡಿ.’

‘ಯಾವ ಪದಗಳನ್ನು ಹಾಕಿ ನೋಡಿದೆ?’

‘ಗದಗ, ಕನಕ, ನಯನ. ಮೂರೂ ಸರಿ ಬಂದವು. ಮೈಸೂರು ಹಾಕಿದೆ, ಅಲ್ಲ ಎಂದಿತು. ಅದೂ ಸರಿಯೇ.’

‘ವಿಕಟಕವಿ ಹಾಕು.’

ಅಲ್ಲ ಎಂದಿತು. ಅವನು ಕಾಗುಣಿತ ನೋಡಿ ಮತ್ತೊಮ್ಮೆ ಟೈಪ್ ಮಾಡಿದ. ಮತ್ತೆ ಅಲ್ಲ. ‘ಸಮಾಸ’ ಹಾಕಿದ, ಅದೂ ಅಲ್ಲ. ಪಕ್ಕದ ಮೇಜಿನವರೂ ಬಗ್ಗಿ ನೋಡಲು ಶುರುಮಾಡಿದರು.

ತಪ್ಪು ಕಂಡಾಗ ಕಲಿಯುವವರು ಕೀಲಿಮಣೆಯ ಮೇಲೆ ಬೀಳುತ್ತಾರೆ, ಇಲ್ಲಿ ಒಂದು ಚಿಹ್ನೆ ಬದಲಿಸಿ, ಅಲ್ಲಿ ಒಂದು ಸಾಲು ಅಳಿಸಿ, ಅದೃಷ್ಟ ಪರೀಕ್ಷೆ ನಡೆಸುತ್ತಾರೆ. ನಾನು ಕೀಲಿಮಣೆ ಪಕ್ಕಕ್ಕೆ ಸರಿಸಿ ಕಾಗದ ಕೊಡುತ್ತೇನೆ. ಕಂಪ್ಯೂಟರ್ ಆ ಪದವನ್ನು ಹೇಗೆ ಇಟ್ಟುಕೊಂಡಿದೆ, ಒಂದೊಂದಾಗಿ ಬರೆ ಎಂದೆ. ಬರೆಯುವ ಮುನ್ನ ಉದ್ದ ಕೇಳಿ ನೋಡಿದ. ಐದು ಬರಬೇಕಾದಲ್ಲಿ ಏಳು ಬಂತು. ಅಲ್ಲಿಗೆ ಅವನಿಗೆ ಅರ್ಧ ಅರ್ಥವಾಗಿತ್ತು.

ನಾವು ‘ವಿ’ ಎಂದು ಒಂದೇ ಅಕ್ಷರವಾಗಿ ಓದುವುದನ್ನು ಯುನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಲಿಪಿಗಳನ್ನು ಇಡುವ ಸಂಕೇತ ಪದ್ಧತಿ, ಎರಡು ಸಂಕೇತಗಳಾಗಿ ಇಡುತ್ತದೆ, ಮೊದಲು ‘ವ’, ಅದರ ಹಿಂದೆ ಗುಡಿಸು. ವಿಕಟಕವಿಯಲ್ಲಿ ಐದು ಅಕ್ಷರ, ಎರಡು ಗುಡಿಸು, ಒಟ್ಟು ಏಳು. ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಹಿಡಿದುಕೊಳ್ಳಲು ವ್ಯಂಜನವಿಲ್ಲದೆ ಚುಕ್ಕೆಗಳ ವೃತ್ತದ ಮೇಲೆ ಅನಾಥವಾಗಿ ಕೂರುತ್ತದೆ. ಅದರ ಹಿಂದೆ ‘ವಕಟಕಿವ’. ‘ಸಮಾಸ’ ತಿರುಗಿ ‘ಸಾಮಸ’ ಆಗುತ್ತದೆ, ಮಾ ಅಕ್ಷರದ ಇಳಿ ಪಕ್ಕದ ಮನೆಗೆ ಹೋಗಿರುತ್ತದೆ. ಗದಗ, ಕನಕ, ನಯನ ಪಾರಾದದ್ದು ಅವುಗಳಲ್ಲಿ ಗುಣಿತವೂ ಒತ್ತೂ ಇಲ್ಲ ಎಂಬ ಕಾರಣಕ್ಕೆ. ತಮಾಷೆಯೆಂದರೆ ‘ಕನ್ನಡ’ ತಿರುಗಿಸಿದರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ. ನ, ವಿರಾಮ (ವ್ಯಂಜನದ ಸ್ವರ ಕಳೆಯುವ ಚಿಹ್ನೆ), ನ ಎಂಬ ಮೂರು ಸಂಕೇತಗಳು ಎತ್ತ ತಿರುಗಿಸಿದರೂ ಅವೇ. ಆ ಒಂದು ಪದವನ್ನು ನಂಬಿಕೊಂಡು ಒತ್ತಕ್ಷರವೂ ಸರಿಹೋಗುತ್ತದೆ ಎಂದು ತೀರ್ಮಾನಿಸಿದರೆ ‘ಕರ್ನಾಟಕ’ದಲ್ಲಿ ಸಿಕ್ಕಿಬೀಳುತ್ತೀರಿ, ಅದು ‘ಕಟಾನ್ರಕ’ ಆಗುತ್ತದೆ.

ಆರಂಭಿಕರ ಅಭ್ಯಾಸಗಳನ್ನು ಲೆಕ್ಕ ಹಾಕಿಕೊಂಡು ಮಾಡುವವರನ್ನು ನಾನು ತುಂಬ ನೋಡಿದ್ದೇನೆ. ಇನ್ನೂರು ಮುಗಿಸಿದೆ, ಮುನ್ನೂರು ಮುಗಿಸಿದೆ ಎನ್ನುತ್ತಾರೆ. ಉತ್ತರ ಹೊಂದಿತು ಎಂಬ ಹಸಿರು ಗುರುತು ಬಂದ ಕೂಡಲೇ ಮುಂದಿನ ಪುಟ. ಆದರೆ ಆ ಗುರುತು ಕೊಡುವ ಪರೀಕ್ಷೆಗಳನ್ನು ಬರೆದವರು ಬೇರೆ ಯಾರೋ. ಯಾವ ಪದ ಹಾಕಿ ನೋಡಬೇಕು ಎಂದು ತಲೆ ಕೆಡಿಸಿಕೊಳ್ಳುವ ಕೆಲಸವನ್ನು ಅವರೇ ಮಾಡಿಬಿಟ್ಟಿರುತ್ತಾರೆ, ನಮ್ಮ ಕಸುಬಿನ ದೊಡ್ಡ ಭಾಗ ಇರುವುದು ಅಲ್ಲೇ. ಆದ್ದರಿಂದ ನನ್ನ ತರಗತಿಯಲ್ಲಿ ಪ್ರೋಗ್ರಾಂ ಬರೆಯುವ ಮುನ್ನ ಅದನ್ನು ಕೆಡಿಸಬಲ್ಲ ಐದು ಉದಾಹರಣೆಗಳನ್ನು ಬರೆದು ತೋರಿಸಬೇಕು. ಖಾಲಿ ಪದ, ಒಂದೇ ಅಕ್ಷರದ ಪದ ಇವೆರಡನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದಕ್ಕೆ ಪೆನ್ನು ನಿಲ್ಲುತ್ತದೆ. ನಿಲ್ಲಲಿ ಎಂದೇ ನಾನು ಕೇಳುವುದು.

ಅಧಿಕ ವರ್ಷದ ಅಭ್ಯಾಸವೂ ಹೀಗೆಯೇ. 2024 ಹಾಕಿದರೆ ಯಾರ ಪ್ರೋಗ್ರಾಂ ಆದರೂ ಸರಿ ಹೇಳುತ್ತದೆ. 1900 ಅಧಿಕ ವರ್ಷವಲ್ಲ, 2000 ಹೌದು, ಇವೆರಡನ್ನು ಹಾಕಿದಾಗಲೇ ನೂರರಿಂದ ಭಾಗವಾದರೆ ಅಲ್ಲ, ನಾನೂರರಿಂದ ಭಾಗವಾದರೆ ಹೌದು ಎಂಬ ನಿಯಮ ಬರೆದಿದ್ದೀರೋ ಇಲ್ಲವೋ ತಿಳಿಯುವುದು. ಇದೆಲ್ಲ ಮಕ್ಕಳಾಟ ಎನ್ನುವವರಿಗೆ ನಾನು ಮೈಕ್ರೋಸಾಫ್ಟ್‌ನ ಝೂನ್ ಎಂಬ ಸಂಗೀತ ಉಪಕರಣದ ಕಥೆ ಹೇಳುತ್ತೇನೆ. 2008ರ ಡಿಸೆಂಬರ್ 31ರಂದು ಅದರ 30 ಜಿಬಿ ಮಾದರಿಗಳು ಒಟ್ಟಾಗಿ ಸ್ತಬ್ಧವಾದವು. ದಿನಗಳ ಸಂಖ್ಯೆಯಿಂದ ವರ್ಷ ಕಂಡುಹಿಡಿಯುವ ಲೂಪ್, ಅಂದರೆ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಭಾಗ, ಒಂದಿತ್ತು. ಅಧಿಕ ವರ್ಷದ 366ನೆಯ ದಿನ ಅದು ದಿನಗಳನ್ನು ಕಳೆಯಲೂ ಇಲ್ಲ, ಹೊರಗೆ ಬರಲೂ ಇಲ್ಲ, ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು. ಆ ಲೂಪನ್ನು ಹಲಗೆಯ ಮೇಲೆ ಬರೆದು 366 ಇಟ್ಟು ಡ್ರೈ ರನ್ ಮಾಡಿಸಿದರೆ, ಅಂದರೆ ಕಂಪ್ಯೂಟರ್ ಇಲ್ಲದೆ ಒಂದೊಂದೇ ಸಾಲನ್ನು ಕೈಯಲ್ಲೇ ನಡೆಸಿ ನೋಡಿದರೆ, ಎರಡನೆಯ ಸುತ್ತಿಗೇ ತರಗತಿ ನಗುತ್ತದೆ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಮರುದಿನ ತನ್ನದೇ ನಿಯಮ ಮಾಡಿಕೊಂಡು ಬಂದ. ಗುಣಿತದ ಚಿಹ್ನೆಯೋ, ವಿರಾಮವೋ, ಅನುಸ್ವಾರ ವಿಸರ್ಗಗಳೋ ಬಂದರೆ ಹಿಂದಿನದಕ್ಕೆ ಅಂಟಿಸು. ಹಿಂದಿನದು ವಿರಾಮದಲ್ಲಿ ನಿಂತಿದ್ದರೆ ಬರುವ ವ್ಯಂಜನವನ್ನೂ ಅಂಟಿಸು. ಹೀಗೆ ಅಕ್ಷರಗಳ ಪಟ್ಟಿ ಮಾಡಿ, ಆಮೇಲೆ ಪಟ್ಟಿಯನ್ನು ತಿರುಗಿಸು. ವಿಕಟಕವಿ ಗೆದ್ದ, ‘ಕುಬೇರನಿಗೇನಿರಬೇಕು’ ಕೂಡ ಗೆದ್ದಿತು. ಚಾಟ್‌ಜಿಪಿಟಿಯನ್ನು ಕೇಳಿದೆಯಾ ಎಂದೆ. ಕೇಳಿದೆ, ಆದರೆ ನಿಯಮ ನಾನೇ ಬರೆದ ಮೇಲೆ ಎಂದ. ಆ ಅನುಕ್ರಮಕ್ಕೆ ನನ್ನ ತಕರಾರಿಲ್ಲ.

‘ಸಾಫ್ಟ್‌ವೇರ್’ ಎಷ್ಟು ಅಕ್ಷರ ಎಂದು ಕೇಳಿದೆ. ಸಾ, ಫ್ಟ್, ವೇ, ರ್, ನಾಲ್ಕು ಎಂದ. ಅವನ ಪ್ರೋಗ್ರಾಂ ಐದು ಎಂದಿತು. ‘ವೇ’ ಹಿಂದಿನದಕ್ಕೆ ಒತ್ತಾಗಿ ಅಂಟದಿರಲೆಂದು ಟೈಪ್ ಮಾಡುವಾಗ ಅಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಇಟ್ಟಿರುತ್ತೇವೆ, ಅದನ್ನೂ ಅದು ಎಣಿಸಿತ್ತು. ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಹುಡುಕಾಟದಲ್ಲಿ ಬೇರೆ ಬೇರೆ ಎಂದು ಬರುವುದಕ್ಕೂ ಹಲವು ಬಾರಿ ಇದೇ ಕಾರಣ. ನಾನೇ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಒಂದು ಗುರುತಿನ ಹಿಂದೆ ಎರಡು ದಿನ ಅಲೆದಿದ್ದೆ.

ಈಗ ಅವನು ಅದೇ ಅಕ್ಷರಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರಸ್ತಾರ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದಾನೆ. ಲಘು, ಗುರು ಗುರುತಿಸುವುದು ಹೈಸ್ಕೂಲಿನ ಕನ್ನಡ ಮೇಷ್ಟರು ಕಲಿಸಿದ್ದೇ, ಹೊಸದಾಗಿ ಹೇಳಿಕೊಡಬೇಕಾಗಲಿಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಬರಬೇಕು, ಅವನಿಗೆ 13 ಬಂತು. ಈ ಸಲ ನಾನು ಹೇಳುವ ಮೊದಲೇ ಕೀಲಿಮಣೆ ಸರಿಸಿ ಕಾಗದ ತೆಗೆದುಕೊಂಡು ಒಂದೊಂದೇ ಅಕ್ಷರದ ತಲೆಯ ಮೇಲೆ ಗುರುತು ಹಾಕುತ್ತಾ ಹೋದ. ಒತ್ತಕ್ಷರದ ಹಿಂದಿನ ಲಘುವನ್ನು ಗುರು ಮಾಡಲು ಮರೆತಿದ್ದ.