ಎಲ್‌ಎಫ್‌ಪಿಯೊಳಗಿನ ಕಬ್ಬಿಣ ಅಯಸ್ಕಾಂತಕ್ಕೆ ಯಾಕೆ ಸಿಗುವುದಿಲ್ಲ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬೆಳೆದವರ ಕೈ ಮೊದಲು ಹೋಗುವುದೇ ಅಯಸ್ಕಾಂತಕ್ಕೆ. ಈಗ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್ ಜೋಡಿಸುವವರೂ ಅದನ್ನೇ ಹಿಡಿದು ಕೇಳುತ್ತಾರೆ: "ಸರ್, ಎಲ್‌ಎಫ್‌ಪಿ ಅಂದ್ರ ಅದರಾಗ ಕಬ್ಬಿಣ ಐತಲ್ರಿ, ಮತ್ತ ಈ ಸೆಲ್‌ಗೆ ಮ್ಯಾಗ್ನೆಟ್ ಯಾಕ ಹಿಡಿಯವಲ್ದು?" ಅವರ ಕೈಯಲ್ಲಿದ್ದದ್ದು ಅಲ್ಯೂಮಿನಿಯಂ ಡಬ್ಬಿಯ ಚೌಕ ಸೆಲ್. ಸಿಲಿಂಡರ್ ಸೆಲ್‌ಗೆ ಹಿಡಿಯುತ್ತದೆ, ಅದರ ಡಬ್ಬಿ ನಿಕಲ್ ಲೇಪಿಸಿದ ಉಕ್ಕಿನದು. ಒಳಗಿನ ಮಾಲಿನ ಗುಣ ಎರಡರಿಂದಲೂ ತಿಳಿಯದು.

ಸೆಲ್‌ನ ಧನಾಗ್ರಕ್ಕೆ ಬಳಿಯುವ ಲಿಥಿಯಂ ಐರನ್ ಫಾಸ್ಫೇಟ್ ಪುಡಿಯ ತೂಕದಲ್ಲಿ ಸುಮಾರು 35% ಕಬ್ಬಿಣವೇ, ಆದರೆ ಲೋಹವಾಗಿ ಅಲ್ಲ, ಅಯಾನಾಗಿ, ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಾಗಿ. ಪ್ರತಿ ಅಯಾನಿನಲ್ಲಿ ಜೋಡಿಯಿಲ್ಲದ ನಾಲ್ಕು ಎಲೆಕ್ಟ್ರಾನ್‌ಗಳಿವೆ. ಅವುಗಳಿಂದ ಪ್ರತಿ ಅಯಾನೂ ಪುಟ್ಟ ಅಯಸ್ಕಾಂತ. ನಮ್ಮ ಹವೆಯ ಶಾಖಕ್ಕೆ ಅವುಗಳ ದಿಕ್ಕು ಚೆಲ್ಲಾಪಿಲ್ಲಿ. ಸುಮಾರು 50 ಕೆಲ್ವಿನ್‌ಗಿಂತ (ಮೈನಸ್ 223 ಡಿಗ್ರಿ ಸೆಲ್ಸಿಯಸ್) ಕೆಳಗೆ ತಂಪಾಗಿಸಿದರೆ ಸಾಲುಗೂಡುತ್ತವೆ, ಆದರೆ ಒಂದಕ್ಕೊಂದು ವಿರುದ್ಧವಾಗಿ. ಒಟ್ಟು ಬಲ ಸೊನ್ನೆ. ಚಾರ್ಜ್ ಮಾಡಿದಾಗ ಲಿಥಿಯಂ ಹೊರಹೋಗುತ್ತದೆ, ಕಬ್ಬಿಣ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಜೋಡಿಯಿಲ್ಲದವು ಐದಾಗುತ್ತವೆ. ಹಾಗಾಗಿ ಕಾಂತೀಯ ಅಳತೆಯಿಂದಲೇ ಎಷ್ಟು ಚಾರ್ಜ್ ಆಗಿದೆ ಎಂದು ಅಂದಾಜಿಸಬಹುದು. ಮೊಬೈಲ್‌ ಬ್ಯಾಟರಿಯ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನಲ್ಲಿ ಕೋಬಾಲ್ಟಿನ ಹೊರ ಎಲೆಕ್ಟ್ರಾನ್‌ಗಳೆಲ್ಲ ಜೋಡಿಯಾಗಿಯೇ ಇರುತ್ತವೆ, ಅದು ಇನ್ನೂ ಸಪ್ಪೆ.

ನನಗೆ ಈ ಅಳತೆ ಬೇಕಾಗುವುದು ಕಲಬೆರಕೆ ಹಿಡಿಯಲು. ಪುಡಿ ಸುಡುವ ಕುಲುಮೆಯೊಳಗೆ ಗಾಳಿ ನುಗ್ಗಿದರೆ ಕಬ್ಬಿಣದ ಆಕ್ಸೈಡ್ ಹುಟ್ಟುತ್ತದೆ. ಕಾರ್ಬನ್ ಜತೆ ಶಾಖ ಮಿತಿಮೀರಿದರೆ ಐರನ್ ಫಾಸ್ಫೈಡ್. ಶೇಕಡಾ ಒಂದಕ್ಕಿಂತ ಕಡಿಮೆ ಇದ್ದರೆ ಎಕ್ಸ್‌-ರೇ ಪರೀಕ್ಷೆಗೆ ಸಾಮಾನ್ಯವಾಗಿ ಅದು ಕಾಣುವುದೇ ಇಲ್ಲ. ಕಾಂತತೆ ಅಳೆಯುವ ಮ್ಯಾಗ್ನೆಟೋಮೀಟರ್‌ನಲ್ಲಿ ಹೊರಗಿನ ಕಾಂತಕ್ಷೇತ್ರ ಏರಿಸುತ್ತ ಹೋದರೆ ಶುದ್ಧ ಪುಡಿಯ ಗೆರೆ ನೆಟ್ಟಗಿರುತ್ತದೆ. ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಚೂರು ಸೇರಿದರೂ ಶುರುವಿನಲ್ಲೇ ಬಾಗುತ್ತದೆ. ಆ ಬಾಗಿನಿಂದ ಪ್ರಮಾಣವನ್ನೂ ಲೆಕ್ಕ ಹಾಕಬಹುದು.

ಯಂತ್ರದಿಂದ ಉದುರಿದ ಲೋಹದ ಕಣ ಎಲ್ಲಕ್ಕಿಂತ ಕೆಟ್ಟದ್ದು. ಅದು ಧನಾಗ್ರದಲ್ಲಿ ಕರಗಿ, ಋಣಾಗ್ರದಲ್ಲಿ ಮತ್ತೆ ಲೋಹವಾಗಿ ಬೆಳೆದು, ನಡುವಿನ ಪೊರೆ ತೂರಿದರೆ ಸೆಲ್ ಒಳಗೇ ಶಾರ್ಟ್. ಕಾರ್ಖಾನೆಗಳು ಪುಡಿಯನ್ನು ಬಲವಾದ ಅಯಸ್ಕಾಂತಗಳ ಮೇಲೆ ಹಾಯಿಸುವುದು ಇದಕ್ಕೇ.

ಫಾಸ್ಫೈಡ್ ಮಾತ್ರ ಕೋಣೆಯ ಉಷ್ಣತೆಯಲ್ಲಿ ಹೀಗೆ ಸಿಗದು. ಅದರ ಕಾಂತತೆ ಗಟ್ಟಿಯಾಗುವುದು ಸುಮಾರು ಮೈನಸ್ 60 ಡಿಗ್ರಿಗಿಂತ ಕೆಳಗೆ. ಬರೀ ಕೋಣೆಯ ಉಷ್ಣತೆಯ ವರದಿ ತಂದು "ಪುಡಿ ಚೊಕ್ಕ ಐತ್ರಿ" ಎನ್ನುವವರಿಗೆ ನಾನು ಸಹಿ ಹಾಕುವುದಿಲ್ಲ. ಖರ್ಚಾದರೂ ಆಗಲಿ, ತಂಪಿನ ಅಳತೆಯನ್ನೂ ಮಾಡಿಸಿಕೊಂಡು ಬರಲಿ.