ಸುಡೊ ಕೈಕೊಟ್ಟರೆ ಫಾರ್ಮ್ಯಾಟ್ ಮಾಡಬೇಡಿ

ಮನೆಯ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್) ನಡೆಯುತ್ತಿಲ್ಲ, ಅಡ್ಮಿನ್ ಅಧಿಕಾರ ಹೋಯಿತು ಅಂತ ಫೋನ್ ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, "ಸರ್, ಫಾರ್ಮ್ಯಾಟ್ ಮಾಡಿಬಿಡ್ಲಾ?" ಅಂತ. ದಯವಿಟ್ಟು ಬೇಡ. ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟ್ ಎಲ್ಲ ಇರುವ ಡಿಸ್ಕ್ ಅದು. ಬಹಳ ಸಲ ಒಂದೇ ಒಂದು ಕಮಾಂಡ್‌ನಿಂದ ಸರಿಹೋಗುವ ತೊಂದರೆ ಇದು. ಯಾವ ಕಮಾಂಡ್ ಅನ್ನುವುದರ ಸುಳಿವು ಪರದೆಯ ಮೇಲೆ ಬಂದ ಸಂದೇಶದಲ್ಲೇ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ ಅನ್ನುವುದೇ ನನ್ನ ಬೇಸರ.

ಸುಡೊ 'ಸಾರಿ, ಟ್ರೈ ಅಗೇನ್' ಅಂದರೆ ಪಾಸ್‌ವರ್ಡ್ ತಪ್ಪಾಗಿದೆ. ನಿಮ್ಮ ಹೆಸರು ಸುಡೋಅರ್ಸ್ ಫೈಲ್‌ನಲ್ಲಿ (ಯಾರಿಗೆ ಸುಡೊ ಅಧಿಕಾರ ಇದೆ ಅನ್ನುವುದನ್ನು ಬರೆದಿಟ್ಟ ಫೈಲ್) ಇಲ್ಲ ಅಂದರೆ ಪಾಸ್‌ವರ್ಡ್ ಸರಿಯಾಗಿದೆ, ಅಧಿಕಾರ ಇಲ್ಲ. ಈ ಎರಡನೆಯದಕ್ಕೆ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ.

ಪಾಸ್‌ವರ್ಡ್ ತಪ್ಪು ಅಂತ ಬಂದರೆ ಮೊದಲು ಕೀಬೋರ್ಡ್ ನೋಡಿ. ಕನ್ನಡ ಟೈಪ್ ಮಾಡುವವರ ಮನೆಯಲ್ಲಿ ಇದು ಜಾಸ್ತಿ. ಕೀಬೋರ್ಡ್ ಕನ್ನಡ ಲೇಔಟ್‌ನಲ್ಲೇ ಉಳಿದಿರುತ್ತದೆ, ಪಾಸ್‌ವರ್ಡ್ ಇಂಗ್ಲಿಷ್‌ನಲ್ಲಿರುತ್ತದೆ. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿ) ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಜೊತೆ ಸ್ಪೇಸ್ ಒತ್ತಿ ಲೇಔಟ್ ಬದಲಾಯಿಸಿ, ಕ್ಯಾಪ್ಸ್ ಲಾಕ್ ನೋಡಿ, ಆಮೇಲೆ ಇನ್ನೊಮ್ಮೆ ಪ್ರಯತ್ನಿಸಿ.

ಅಧಿಕಾರವೇ ಹೋಗಿದ್ದರೆ ಕಾರಣ ಹೆಚ್ಚಾಗಿ ಒಂದೇ. ಆರ್ಡುಯಿನೊ ಬೋರ್ಡ್ ಜೋಡಿಸಲು 'ಡಯಲ್‌ಔಟ್' ಗುಂಪಿಗೆ ಸೇರಬೇಕು, ವರ್ಚುಯಲ್‌ಬಾಕ್ಸ್‌ಗೋ ಡಾಕರ್‌ಗೋ ಇನ್ನೊಂದು ಗುಂಪಿಗೆ ಸೇರಬೇಕು. ಅದಕ್ಕೆ ಖಾತೆಯ ಗುಂಪು ಬದಲಾಯಿಸುವ ಯೂಸರ್‌ಮಾಡ್ ಕಮಾಂಡ್ ಕೊಡುತ್ತಾರೆ. ದೊಡ್ಡ ಜಿ ಒಂದನ್ನೇ ಹಾಕಿ, ಅದರ ಹಿಂದೆ ಇರಬೇಕಾದ ಸಣ್ಣ ಎ ಬಿಟ್ಟರೆ ಹೊಸ ಗುಂಪು ಸೇರುವುದರ ಜೊತೆಗೆ ಹಳೆಯ ಹೆಚ್ಚುವರಿ ಗುಂಪುಗಳೆಲ್ಲ ಅಳಿಸಿಹೋಗುತ್ತವೆ. ಅಡ್ಮಿನ್ ಅಧಿಕಾರ ಕೊಡುವ 'ಸುಡೊ' ಗುಂಪೂ ಹೋಗುತ್ತದೆ. ಆದರೆ ಲಾಗ್‌ಔಟ್ ಆಗುವ ತನಕ ಹಳೆಯ ಗುಂಪುಗಳೇ ನಡೆಯುತ್ತವೆ. ಹಾಗಾಗಿ ತಪ್ಪು ನಡೆದದ್ದು ಇವತ್ತು, ಗೊತ್ತಾಗುವುದು ನಾಳೆ ಮೆಷಿನ್ ಆನ್ ಮಾಡಿದಾಗ. 'ಏನೂ ಮಾಡಿಲ್ಲ, ತಾನಾಗೇ ಹೋಯ್ತು' ಅಂತ ಜನ ನಂಬುವುದು ಇದರಿಂದಲೇ. ಅನುಮಾನ ಬಂದರೆ ಟರ್ಮಿನಲ್‌ನಲ್ಲಿ 'ಗ್ರೂಪ್ಸ್' (groups) ಅಂತ, ಅದರ ಮುಂದೆ ನಿಮ್ಮ ಯೂಸರ್‌ನೇಮ್ ಹೊಡೆಯಿರಿ. ಪಟ್ಟಿಯಲ್ಲಿ ಸುಡೊ ಇದೆಯೋ ಇಲ್ಲವೋ ಕಾಣುತ್ತದೆ.

ಉಬುಂಟು, ಮಿಂಟ್‌ಗಳಲ್ಲಿ ಇದಕ್ಕೆ ದಾರಿ ರಿಕವರಿ ಮೋಡ್. ಕಂಪ್ಯೂಟರ್ ಆನ್ ಆಗುವಾಗ ಹಳೆಯ ಬಯಾಸ್ ಮೆಷಿನ್‌ನಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್ಐ (ಹೊಸ ಮೆಷಿನ್‌ಗಳಲ್ಲಿ ಬಯಾಸ್ ಬದಲು ಬಂದದ್ದು) ಇರುವುದರಲ್ಲಿ ಎಸ್ಕೇಪ್ ಒಮ್ಮೆ ಒತ್ತಿ. ಗ್ರಬ್ ಮೆನು (ಯಾವ ಸಿಸ್ಟಮ್ ಶುರು ಮಾಡಬೇಕು ಅಂತ ಆರಿಸುವ ಪಟ್ಟಿ) ಬಂದಾಗ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರಲ್ಲಿ ರಿಕವರಿ ಮೋಡ್, ಅದರಲ್ಲಿ ರೂಟ್ (ಎಲ್ಲ ಅಧಿಕಾರವೂ ಇರುವ ಖಾತೆ). ಉಬುಂಟುವಿನಲ್ಲಿ ರೂಟ್‌ಗೆ ಮೊದಲಿನಿಂದಲೇ ಪಾಸ್‌ವರ್ಡ್ ಇರುವುದಿಲ್ಲ, ಹಾಗಾಗಿ ಏನೂ ಕೇಳದೆ ಒಳಗೆ ಬಿಡುತ್ತದೆ. ನೀವೇ ಹಿಂದೆ ಒಂದನ್ನು ಇಟ್ಟಿದ್ದರೆ ಮಾತ್ರ ಅದನ್ನು ಕೇಳುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಈ ಹಂತದಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರಬಹುದು. ಹಾಗಿದ್ದಾಗ ಪಾಸ್‌ವರ್ಡ್ ಬದಲಾಯಿಸಲು ಹೋದರೆ 'ಅಥೆಂಟಿಕೇಶನ್ ಟೋಕನ್' ಅಂತ ಏನೋ ದೋಷ ಬರುತ್ತದೆ, ಜನ ಹೆದರಿ ಮೆಷಿನ್ ಆಫ್ ಮಾಡುತ್ತಾರೆ. ಮೊದಲು ಮೌಂಟ್ ಕಮಾಂಡ್‌ಗೆ ಹೈಫನ್ ಒ ಹಾಕಿ, 'ರಿಮೌಂಟ್, ಆರ್‌ಡಬ್ಲ್ಯು' ಅಂತ ಕೊಟ್ಟು, ಕೊನೆಗೆ ಒಂದು ಸ್ಲ್ಯಾಶ್ ಹಾಕಿ (mount -o remount,rw /). ಡಿಸ್ಕ್ ಬರೆಯಲು ತೆರೆದುಕೊಳ್ಳುತ್ತದೆ. ಆಮೇಲೆ ಯೂಸರ್‌ಮಾಡ್, ಹೈಫನ್, ಸಣ್ಣ ಎ, ದೊಡ್ಡ ಜಿ, ಸುಡೊ, ಕೊನೆಯಲ್ಲಿ ನಿಮ್ಮ ಯೂಸರ್‌ನೇಮ್ (usermod -aG sudo ಯೂಸರ್‌ನೇಮ್). ರೀಬೂಟ್ ಮಾಡಿದರೆ ಅಧಿಕಾರ ವಾಪಸ್. ಫೆಡೊರಾದಲ್ಲಿ ಈ ಗುಂಪಿನ ಹೆಸರು 'ವೀಲ್'. ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ನಿಮ್ಮ ಖಾತೆ ಸುಡೊ ಗುಂಪಿಗೆ ಸೇರಿಯೇ ಇರುವುದಿಲ್ಲ. ಅಲ್ಲಿ ಕಳೆದದ್ದು ಏನೂ ಇಲ್ಲ, 'ಎಸ್‌ಯು' ಮುಂದೆ ಒಂದು ಹೈಫನ್ ಕೊಟ್ಟು ರೂಟ್ ಆಗಿ ಸೇರಿಸಿಕೊಂಡರಾಯಿತು.

ಸುಡೋಅರ್ಸ್ ಫೈಲನ್ನು ಸಾದಾ ಎಡಿಟರ್‌ನಲ್ಲಿ ತಿದ್ದಿ ಕೆಡಿಸಿಕೊಂಡವರೂ ಇದ್ದಾರೆ. ಒಂದು ಅಕ್ಷರ ತಪ್ಪಿದರೂ ಸುಡೊ ನಿಂತುಬಿಡಬಹುದು. ಡೆಸ್ಕ್‌ಟಾಪ್‌ನಲ್ಲಿದ್ದು, ಖಾತೆ ಇನ್ನೂ ಸುಡೊ ಗುಂಪಿನಲ್ಲಿದ್ದರೆ 'ಪಿಕೆಎಕ್ಸೆಕ್' (ಸುಡೊ ಇಲ್ಲದೆ ಅಡ್ಮಿನ್ ಅಧಿಕಾರ ಪಡೆಯುವ ಇನ್ನೊಂದು ಕಮಾಂಡ್) ಮೂಲಕ ವಿಸುಡೊ (ಸುಡೋಅರ್ಸ್ ತಿದ್ದಲೆಂದೇ ಇರುವ ಕಮಾಂಡ್) ತೆರೆದು ಸರಿಮಾಡಬಹುದು. ವಿಸುಡೊ ಉಳಿಸುವ ಮೊದಲೇ ತಪ್ಪು ತೋರಿಸುತ್ತದೆ. ಯಾವಾಗಲೂ ಅದರಲ್ಲೇ ತಿದ್ದಿ. ಇಡೀ ಡಿಸ್ಕಿಗೆ 777 ಪರ್ಮಿಷನ್ (ಯಾರು ಬೇಕಾದರೂ ಓದಿ, ತಿದ್ದಿ, ನಡೆಸುವ ಅನುಮತಿ) ಕೊಟ್ಟಿದ್ದರೆ ಮಾತ್ರ ನಾನೂ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅನ್ನುತ್ತೇನೆ. ಅದೂ ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್) ಫೈಲ್ ಎಲ್ಲ ತೆಗೆದಿಟ್ಟುಕೊಂಡ ಮೇಲೆ.

ಪಾಸ್‌ವರ್ಡ್ ನಿಜಕ್ಕೂ ಮರೆತಿದ್ದರೆ ರಿಕವರಿ ಮೋಡ್‌ನ ಅದೇ ರೂಟ್ ಶೆಲ್‌ನಲ್ಲಿ (ಕಮಾಂಡ್ ಹೊಡೆಯುವ ಪರದೆ) ಹೊಸದು ಇಡಬಹುದು. ಆದರೆ ಬ್ರೌಸರ್ ಮುಂತಾದವು ಬಳಸುವ ಕೀರಿಂಗ್‌ಗೆ (ಉಳಿಸಿಟ್ಟ ಪಾಸ್‌ವರ್ಡ್‌ಗಳ ಪೆಟ್ಟಿಗೆ) ಹಳೆಯ ಪಾಸ್‌ವರ್ಡೇ ಉಳಿದಿರುತ್ತದೆ. ಕೀರಿಂಗನ್ನು ಅಳಿಸಿದರೆ ಅದರಲ್ಲಿದ್ದ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ್ದು (ಗುಪ್ತ ಸಂಕೇತದಲ್ಲಿ ಬೀಗ ಹಾಕಿದ್ದು), ಅದನ್ನು ತೆರೆಯುವ ಪಾಸ್‌ಫ್ರೇಸ್ ಮರೆತಿದ್ದರೆ ಯಾವ ಟೆಕ್ನೀಷಿಯನ್‌ನಿಂದಲೂ ಆಗುವುದಿಲ್ಲ. ಆಗುತ್ತದೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಹಾಗಂತ ಎನ್‌ಕ್ರಿಪ್ಷನ್ ಬಿಡಲೂಬೇಡಿ. ಮೇಲೆ ಹೇಳಿದ ದಾರಿ ನಿಮಗೆ ಎಷ್ಟು ಸುಲಭವೋ ಲ್ಯಾಪ್‌ಟಾಪ್ ಕದ್ದವನಿಗೂ ಅಷ್ಟೇ ಸುಲಭ, ಅಲ್ವಾ? ಪಾಸ್‌ಫ್ರೇಸ್ ಕಾಗದದ ಮೇಲೆ ಬರೆದು ಮನೆ ಪತ್ರಗಳ ಜೊತೆ ಬೀರುವಿನಲ್ಲಿಡಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಎರಡನೆಯ ಅಡ್ಮಿನ್ ಖಾತೆ ತೆರೆಯಿರಿ. ಅದರಿಂದ ಲಾಗಿನ್ ಆಗಿ ಸುಡೊ ನಡೆಯುತ್ತದಾ ಅಂತ ಒಮ್ಮೆ ನೋಡಿ. ದಿನಬಳಕೆಗೆ ಅದನ್ನು ಮುಟ್ಟಬೇಡಿ, ಗುಂಪು ಸೇರಿಸುವ ಪ್ರಯೋಗಗಳನ್ನೆಲ್ಲ ನಿಮ್ಮ ಖಾತೆಯಲ್ಲೇ ಮಾಡಿಕೊಳ್ಳಿ.